ಕ್ಯಾನ್ಸರ್ ರೋಗಿಗಳಲ್ಲಿ ನಿದ್ರಾಹೀನತೆ

ಕ್ಯಾನ್ಸರ್ ರೋಗಿಗಳಲ್ಲಿ ನಿದ್ರಾಹೀನತೆ ಎಂದರೆ ಕ್ಯಾನ್ಸರ್ (ಅರ್ಬುದ ರೋಗ) ಇರುವವರಲ್ಲಿ ನಿದ್ರೆ ಹತ್ತದಿರುವುದು, ಹತ್ತಿದ ನಿದ್ರೆ ನಡುರಾತ್ರಿಯಲ್ಲಿ ಪದೇ ಪದೇ ಮುರಿಯುವುದು ಅಥವಾ ನಸುಕಿಗೆ ಮುನ್ನವೇ ಎಚ್ಚರವಾಗಿ ಮರಳಿ ನಿದ್ರೆ ಬಾರದಿರುವುದು. ರೋಗ ಪತ್ತೆಯಾದ ದಿನಗಳಲ್ಲಿ, ಚಿಕಿತ್ಸೆಯ ಅವಧಿಯಲ್ಲಿ ಮತ್ತು ಚಿಕಿತ್ಸೆ ಮುಗಿದ ಬಳಿಕವೂ ಇದು ಕಾಣಿಸಿಕೊಳ್ಳಬಹುದು. ಗಂಭೀರ ಕಾಯಿಲೆಯವರಿಗೆ ನಿದ್ರೆ ಬಾರದಿರುವುದು ಸಹಜವೆಂದೂ ಮೂಲರೋಗ ಗುಣವಾದರೆ ಅದೂ ತಾನಾಗಿ ಸರಿಹೋಗುವುದೆಂದೂ ಬಹುಕಾಲ ಭಾವಿಸಲಾಗಿತ್ತು. ಇಂದಿನ ವೈದ್ಯಶಾಸ್ತ್ರ ಇದನ್ನು ಕ್ಯಾನ್ಸರ್‌ನೊಂದಿಗೆ ಇರುವ, ಆದರೆ ಪ್ರತ್ಯೇಕವಾಗಿ ಗುರುತಿಸಿ ಚಿಕಿತ್ಸೆ ನೀಡಬೇಕಾದ ಮತ್ತು ನೀಡಬಹುದಾದ ತೊಂದರೆಯೆಂದು ಪರಿಗಣಿಸುತ್ತದೆ.

ವ್ಯಾಖ್ಯೆ ಮತ್ತು ಲಕ್ಷಣಗಳು

ಒಂದೆರಡು ರಾತ್ರಿ ನಿದ್ರೆಗೆಟ್ಟ ಮಾತ್ರಕ್ಕೆ ಅದನ್ನು ನಿದ್ರಾಹೀನತೆಯ ಕಾಯಿಲೆ ಎನ್ನಲಾಗದು. ಮಲಗಲು ಸಾಕಷ್ಟು ಸಮಯ ಮತ್ತು ಅವಕಾಶವಿದ್ದರೂ ವಾರಕ್ಕೆ ಕನಿಷ್ಠ 3 ರಾತ್ರಿ ನಿದ್ರೆಯ ತೊಂದರೆ ಉಂಟಾಗಿ, ಅದರಿಂದ ಹಗಲಿನ ಬದುಕಿಗೆ ಅಡ್ಡಿಯಾಗುತ್ತಿದ್ದು, ಈ ಸ್ಥಿತಿ 3 ತಿಂಗಳಿಗಿಂತ ಹೆಚ್ಚು ಕಾಲ ಮುಂದುವರಿದರೆ ಅದನ್ನು ದೀರ್ಘಕಾಲಿಕ ನಿದ್ರಾಹೀನತೆ ಎನ್ನುತ್ತಾರೆ. ಹಗಲಿನಲ್ಲಿ ದಣಿವು, ಸಿಡುಕು, ಮರೆವು, ಏಕಾಗ್ರತೆಯ ಕೊರತೆ, ಉತ್ಸಾಹ ಕುಂದುವಿಕೆ ಇದರ ಸಾಮಾನ್ಯ ಲಕ್ಷಣಗಳು.

ಇಲ್ಲಿ ಬಳಲಿಕೆ ಮತ್ತು ತೂಕಡಿಕೆಗಳ ನಡುವಿನ ವ್ಯತ್ಯಾಸವನ್ನು ಗಮನಿಸಬೇಕು. ಕ್ಯಾನ್ಸರ್‌ನಿಂದಲೂ ಅದರ ಚಿಕಿತ್ಸೆಯಿಂದಲೂ ಉಂಟಾಗುವ ಬಳಲಿಕೆ ಎಷ್ಟು ಮಲಗಿದರೂ ಪೂರ್ತಿಯಾಗಿ ನೀಗುವುದಿಲ್ಲ. ತೂಕಡಿಕೆ ಎಂದರೆ ಕುಳಿತಲ್ಲೇ ಕಣ್ಣು ಮುಚ್ಚಿಹೋಗುವ ಸ್ಥಿತಿ. ಬಳಲಿದ ರೋಗಿ ‘ನಿದ್ರೆ ಸಾಲದು’ ಎಂದು ದಿನವಿಡೀ ಹಾಸಿಗೆಯಲ್ಲಿರುವುದುಂಟು. ಅದರಿಂದ ಬಳಲಿಕೆ ತೀರುವುದಿಲ್ಲ, ರಾತ್ರಿಯ ನಿದ್ರೆಯೂ ಕೆಡುತ್ತದೆ.

ವ್ಯಾಪ್ತಿ

ಕ್ಯಾನ್ಸರ್ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ನಿದ್ರೆಯ ತೊಂದರೆ ಕಾಣಿಸಿಕೊಳ್ಳುತ್ತದೆ. ಇದು ಜನಸಾಮಾನ್ಯರಲ್ಲಿ ಕಂಡುಬರುವ ಪ್ರಮಾಣಕ್ಕಿಂತ ಬಹಳ ಹೆಚ್ಚು. ಆದರೂ ಅನೇಕ ರೋಗಿಗಳು ಇದನ್ನು ವೈದ್ಯರ ಮುಂದೆ ಪ್ರಸ್ತಾಪಿಸುವುದಿಲ್ಲ. ದೊಡ್ಡ ಕಾಯಿಲೆಯ ಮುಂದೆ ನಿದ್ರೆಯ ಮಾತು ಚಿಕ್ಕದೆಂಬ ಸಂಕೋಚ, ವೈದ್ಯರ ಸಮಯವನ್ನು ವ್ಯರ್ಥ ಮಾಡಬಾರದೆಂಬ ಭಾವನೆ, ಮತ್ತೊಂದು ಮಾತ್ರೆ ಸೇರಿಕೊಳ್ಳುವುದೆಂಬ ಅಂಜಿಕೆ ಇದಕ್ಕೆ ಕಾರಣಗಳು. ಕೆನಡಾದ ಸಂಶೋಧಕರಾದ ಜೋಸೆ ಸವಾರ್ ಮತ್ತು ಚಾರ್ಲ್ಸ್ ಮೊರಾನ್ 2001ರಲ್ಲಿ ಪ್ರಕಟಿಸಿದ ಸಮೀಕ್ಷಾ ಲೇಖನದಲ್ಲಿ ಇದನ್ನು ಕಡೆಗಣಿಸಲ್ಪಟ್ಟ ಸಮಸ್ಯೆಯೆಂದು ಗುರುತಿಸಿದರು. ಆ ಬಳಿಕ ಈ ವಿಷಯದ ಸಂಶೋಧನೆ ಗಣನೀಯವಾಗಿ ಬೆಳೆದಿದೆ.

ನಿದ್ರೆಯ ಕಾರ್ಯವಿಧಾನ

ನಿದ್ರೆಯು ಎರಡು ಪ್ರಕ್ರಿಯೆಗಳ ಹೊಂದಾಣಿಕೆಯಿಂದ ನಡೆಯುತ್ತದೆ ಎಂಬ ಸಿದ್ಧಾಂತವನ್ನು ಅಲೆಕ್ಸಾಂಡರ್ ಬೊರ್ಬೆಲಿ 1982ರಲ್ಲಿ ಮಂಡಿಸಿದರು. ಮೊದಲನೆಯದು ನಿದ್ರೆಯ ಒತ್ತಡ. ಎಚ್ಚರವಾಗಿರುವಷ್ಟು ಹೊತ್ತೂ ಅಡೆನೊಸಿನ್ ಎಂಬ ವಸ್ತು ಮಿದುಳಿನಲ್ಲಿ ಹೆಚ್ಚುತ್ತ ಹೋಗಿ ನಿದ್ರೆಯ ಅಗತ್ಯವನ್ನು ಬೆಳೆಸುತ್ತದೆ. ಮಲಗಿ ನಿದ್ರಿಸಿದಾಗ ಅದು ಇಳಿಯುತ್ತದೆ. ಹಗಲಿನಲ್ಲಿ ದೀರ್ಘವಾಗಿ ಮಲಗಿದವರಿಗೆ ರಾತ್ರಿಯ ವೇಳೆಗೆ ಈ ಒತ್ತಡ ಸಾಲದೆ ಹೋಗುತ್ತದೆ. ಕಾಫಿ ಮತ್ತು ಚಹಾದಲ್ಲಿರುವ ಕೆಫೀನ್ ಅಡೆನೊಸಿನ್‌ನ ಕೆಲಸವನ್ನು ತಡೆಯುವುದರಿಂದ ನಿದ್ರೆ ದೂರವಾಗುತ್ತದೆ.

ಎರಡನೆಯದು ಜೈವಿಕ ಗಡಿಯಾರ. ಮಿದುಳಿನ ಹೈಪೊಥಲಾಮಸ್ ಭಾಗದಲ್ಲಿರುವ ಈ ಗಡಿಯಾರ ಕಣ್ಣಿನ ಮೂಲಕ ಬರುವ ಬೆಳಕನ್ನು ಆಧರಿಸಿ ಹಗಲು ರಾತ್ರಿಗಳನ್ನು ಗುರುತಿಸುತ್ತದೆ. ಕತ್ತಲಾದ ಮೇಲೆ ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸಿ ದೇಹವನ್ನು ನಿದ್ರೆಗೆ ಅಣಿಗೊಳಿಸುತ್ತದೆ. ಹಗಲೆಲ್ಲ ಕಿಟಕಿ ಮುಚ್ಚಿದ ಕೋಣೆಯಲ್ಲಿರುವ ರೋಗಿಗೆ ಬೆಳಕಿನ ಈ ಸೂಚನೆ ಸರಿಯಾಗಿ ದೊರೆಯುವುದಿಲ್ಲ. ಗಂಭೀರ ಕಾಯಿಲೆಯಲ್ಲಿ ಎರಡೂ ಪ್ರಕ್ರಿಯೆಗಳು ಒಟ್ಟಿಗೆ ದುರ್ಬಲಗೊಳ್ಳುವ ಸಾಧ್ಯತೆ ಹೆಚ್ಚು.

ಕಾರಣಗಳು

ದೈಹಿಕ ಕಾರಣಗಳು: ನೋವು ಇವುಗಳಲ್ಲಿ ಪ್ರಮುಖವಾದುದು. ನೋವಿನಿಂದ ನಿದ್ರೆ ಕೆಡುತ್ತದೆ. ನಿದ್ರೆಗೆಟ್ಟಾಗ ನೋವನ್ನು ತಾಳಿಕೊಳ್ಳುವ ಶಕ್ತಿ ಕುಗ್ಗುತ್ತದೆ. ವಾಕರಿಕೆ, ಕೆಮ್ಮು, ಏದುಸಿರು, ಎದೆಯುರಿ, ತುರಿಕೆ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳಬೇಕಾಗುವುದು ಇತರ ಕಾರಣಗಳು. ಕೆಲವು ಕಿಮೊಥೆರಪಿ ಔಷಧಗಳು ನರಗಳಿಗೆ ಹಾನಿ ಮಾಡುವುದರಿಂದ ಕೈಕಾಲುಗಳಲ್ಲಿ ಜೋಮು ಮತ್ತು ಉರಿ ಉಂಟಾಗಿ ರಾತ್ರಿ ಹೆಚ್ಚು ಬಾಧಿಸುತ್ತವೆ. ಕಬ್ಬಿಣಾಂಶದ ಕೊರತೆ ಇರುವವರಲ್ಲಿ ಮಲಗಿದೊಡನೆ ಕಾಲುಗಳನ್ನು ಅಲುಗಾಡಿಸಲೇಬೇಕೆನಿಸುವ ಚಡಪಡಿಕೆ ಕಾಣಿಸಿಕೊಳ್ಳಬಹುದು.

ಚಿಕಿತ್ಸೆಗೆ ಸಂಬಂಧಿಸಿದ ಕಾರಣಗಳು: ಕಿಮೊಥೆರಪಿಯ ವಾಂತಿಯನ್ನು ತಡೆಯಲು ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಎಚ್ಚರವನ್ನು ಹೆಚ್ಚಿಸುತ್ತದೆ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಕೆಲವರಲ್ಲಿ ಕುಳಿತಲ್ಲಿ ಕೂರಲಾಗದಂತಹ ಚಡಪಡಿಕೆಯನ್ನು ಉಂಟುಮಾಡುತ್ತದೆ. ಸ್ತನ ಕ್ಯಾನ್ಸರ್‌ಗೆ ಬಳಸುವ ಟ್ಯಾಮಾಕ್ಸಿಫೆನ್ ಮೊದಲಾದ ಔಷಧಗಳಿಂದಲೂ ಪ್ರಾಸ್ಟೇಟ್ ಕ್ಯಾನ್ಸರ್‌ನ ಹಾರ್ಮೋನ್ ಚಿಕಿತ್ಸೆಯಿಂದಲೂ ಮೈ ಬಿಸಿಯೇರಿ ಬೆವರುವ ತೊಂದರೆ ಉಂಟಾಗಿ ನಿದ್ರೆ ಮುರಿಯುತ್ತದೆ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ರೋಗಿಗಳಲ್ಲಿ ನಿದ್ರೆಯ ನಡುವೆ ಉಸಿರುಕಟ್ಟುವ ತೊಂದರೆ (ಸ್ಲೀಪ್ ಅಪ್ನಿಯಾ) ಹೆಚ್ಚಾಗಿ ಕಂಡುಬರುತ್ತದೆ.

ಮಾನಸಿಕ ಕಾರಣಗಳು: ಹಗಲಿನ ಓಡಾಟದಲ್ಲಿ ಹಿಂದೆ ಸರಿದ ಚಿಂತೆಗಳು ರಾತ್ರಿಯ ನಿಶ್ಶಬ್ದದಲ್ಲಿ ಮೇಲೇಳುತ್ತವೆ. ಸ್ಕ್ಯಾನ್ ಫಲಿತಾಂಶದ ನಿರೀಕ್ಷೆ, ರೋಗ ಮರುಕಳಿಸುವ ಭಯ, ಚಿಕಿತ್ಸೆಯ ಖರ್ಚು, ಮಕ್ಕಳ ಭವಿಷ್ಯ, ಸಾವಿನ ಭೀತಿ ಇವುಗಳಲ್ಲಿ ಮುಖ್ಯ. ಖಿನ್ನತೆ ಇರುವವರಲ್ಲಿ ನಸುಕಿಗೆ ಬಹು ಮುಂಚೆಯೇ ಎಚ್ಚರವಾಗುವುದು ಸಾಮಾನ್ಯ.

ಪರಿಸರದ ಕಾರಣಗಳು: ಆಸ್ಪತ್ರೆಯ ವಾರ್ಡಿನಲ್ಲಿ ದೀಪಗಳು, ಯಂತ್ರಗಳ ಸದ್ದು, ರಾತ್ರಿಯ ರಕ್ತದೊತ್ತಡ ತಪಾಸಣೆ, ಪಕ್ಕದ ರೋಗಿಯ ನರಳಾಟ ನಿದ್ರೆಗೆ ಅಡ್ಡಿಯಾಗುತ್ತವೆ. ವಾರ್ಡುಗಳಲ್ಲಿ ರಾತ್ರಿಯ ಸರಾಸರಿ ಶಬ್ದಮಟ್ಟ 30 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಸೂಚಿಸಿದೆ.

ನಿದ್ರಾಹೀನತೆ ಬೇರೂರುವ ಬಗೆ

ತೊಂದರೆಯನ್ನು ಆರಂಭಿಸಿದ ಕಾರಣ ಮರೆಯಾದ ಮೇಲೂ ನಿದ್ರಾಹೀನತೆ ಏಕೆ ಉಳಿಯುತ್ತದೆ ಎಂಬುದಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಸ್ಪೀಲ್‌ಮನ್ ಅವರ ಮಾದರಿ ವಿವರಣೆ ನೀಡುತ್ತದೆ. ಇದರ ಪ್ರಕಾರ ಕಾರಣಗಳು ಮೂರು ಬಗೆಯವು: ಮೊದಲೇ ಇರುವ ಪ್ರವೃತ್ತಿ, ತೊಂದರೆಯನ್ನು ಪ್ರಚೋದಿಸುವ ಘಟನೆ ಮತ್ತು ಅದನ್ನು ಮುಂದುವರಿಸುವ ರೂಢಿಗಳು. ಕ್ಯಾನ್ಸರ್ ಪತ್ತೆಯಾಗುವುದು, ಶಸ್ತ್ರಚಿಕಿತ್ಸೆ ಮತ್ತು ಕಿಮೊಥೆರಪಿ ಪ್ರಚೋದಕ ಘಟನೆಗಳು. ಅವುಗಳನ್ನು ಎದುರಿಸಲು ರೋಗಿ ರಾತ್ರಿ 8 ಗಂಟೆಗೇ ಮಲಗುವುದು, ಬೆಳಿಗ್ಗೆ ತಡವಾಗಿ ಏಳುವುದು, ಹಗಲೆಲ್ಲ ಹಾಸಿಗೆಯಲ್ಲೇ ಕಳೆಯುವುದು, ಎಚ್ಚರವಾದಾಗಲೆಲ್ಲ ಗಡಿಯಾರ ನೋಡುವುದು ಮುಂತಾದ ರೂಢಿಗಳನ್ನು ಬೆಳೆಸಿಕೊಳ್ಳುತ್ತಾನೆ. ಕ್ರಮೇಣ ಹಾಸಿಗೆ ನಿದ್ರೆಯ ಸ್ಥಳವಾಗಿ ಉಳಿಯದೆ ಹೊರಳಾಟದ ಸ್ಥಳವಾಗುತ್ತದೆ.

ಭಾರತೀಯ ಕುಟುಂಬಗಳಲ್ಲಿ ರೋಗಿಗೆ ಯಾವ ಕೆಲಸವನ್ನೂ ಮಾಡಗೊಡದೆ ‘ಸುಮ್ಮನೆ ಮಲಗಿರಿ’ ಎನ್ನುವುದು ಪ್ರೀತಿಯ ಲಕ್ಷಣ. ತೀವ್ರ ಅಸ್ವಸ್ಥತೆಯ ದಿನಗಳಲ್ಲಿ ಅದು ಅಗತ್ಯವೂ ಹೌದು. ಆದರೆ ಚೇತರಿಕೆಯ ದಿನಗಳಲ್ಲೂ ಅದೇ ಮುಂದುವರಿದರೆ ನಿದ್ರಾಹೀನತೆಯನ್ನು ಪೋಷಿಸುತ್ತದೆ. ತರಕಾರಿ ಬಿಡಿಸುವುದು, ಗಿಡಗಳಿಗೆ ನೀರೆರೆಯುವುದು, ಮೊಮ್ಮಕ್ಕಳೊಡನೆ ಕುಳಿತು ಮಾತನಾಡುವುದು ಮುಂತಾದ ಹಗುರ ಚಟುವಟಿಕೆಗಳು ರೋಗಿಯ ಹಗಲನ್ನು ಹಗಲಾಗಿ ಉಳಿಸುತ್ತವೆ.

ರೋಗನಿರ್ಣಯ

ಮೊದಲ ಸಾಧನ ರೋಗಿಯ ಮಾತೇ. ಮಲಗಿದ ಹೊತ್ತು, ನಿದ್ರೆ ಹತ್ತಲು ಹಿಡಿದ ಸಮಯ, ಎಚ್ಚರವಾದ ಸಲ, ಎದ್ದ ಹೊತ್ತು, ಹಗಲುನಿದ್ರೆ, ಕಾಫಿ ಮತ್ತು ಔಷಧ ಸೇವಿಸಿದ ವೇಳೆ ಇವುಗಳನ್ನು ಒಂದೆರಡು ವಾರ ಒಂದು ಪುಸ್ತಕದಲ್ಲಿ ಅಂದಾಜಾಗಿ ಬರೆದಿಟ್ಟರೆ ವೈದ್ಯರಿಗೆ ಬಹಳ ನೆರವಾಗುತ್ತದೆ. ಇದನ್ನು ನಿದ್ರಾ ದಿನಚರಿ ಎನ್ನುತ್ತಾರೆ. ಇದರಿಂದ ನಿದ್ರೆಯ ದಕ್ಷತೆಯನ್ನು ಲೆಕ್ಕ ಹಾಕಬಹುದು. ಉದಾಹರಣೆಗೆ, ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ 10 ಗಂಟೆ ಹಾಸಿಗೆಯಲ್ಲಿದ್ದು 6 ಗಂಟೆ ಮಾತ್ರ ನಿದ್ರಿಸಿದವರ ದಕ್ಷತೆ ಶೇ. 60. ಸಾಮಾನ್ಯವಾಗಿ ಶೇ. 85 ಅಥವಾ ಅದಕ್ಕಿಂತ ಹೆಚ್ಚಿನ ದಕ್ಷತೆಯನ್ನು ಉತ್ತಮವೆಂದು ಎಣಿಸುತ್ತಾರೆ.

ತೀವ್ರತೆಯನ್ನು ಅಳೆಯಲು ಪ್ರಶ್ನಾವಳಿಗಳಿವೆ. ‘ಇನ್‌ಸೋಮ್ನಿಯಾ ಸಿವಿಯರಿಟಿ ಇಂಡೆಕ್ಸ್’ ಎಂಬುದರಲ್ಲಿ 7 ಪ್ರಶ್ನೆಗಳಿದ್ದು ಒಟ್ಟು ಅಂಕ 0ಯಿಂದ 28ರವರೆಗೆ ಇರುತ್ತದೆ. 15 ಮತ್ತು ಅದಕ್ಕಿಂತ ಹೆಚ್ಚಿನ ಅಂಕ ಚಿಕಿತ್ಸೆ ಬೇಕಾದ ನಿದ್ರಾಹೀನತೆಯನ್ನು ಸೂಚಿಸುತ್ತದೆ. ನಿದ್ರಾ ಪ್ರಯೋಗಾಲಯದ ಪರೀಕ್ಷೆ (ಪಾಲಿಸೋಮ್ನೋಗ್ರಫಿ) ಎಲ್ಲರಿಗೂ ಬೇಕಾಗುವುದಿಲ್ಲ. ಜೋರಾದ ಗೊರಕೆ, ನಿದ್ರೆಯಲ್ಲಿ ಉಸಿರು ನಿಲ್ಲುವುದು ಮೊದಲಾದ ಸೂಚನೆಗಳಿದ್ದರೆ ಮಾತ್ರ ಅದನ್ನು ಮಾಡಿಸುತ್ತಾರೆ.

ನಿರ್ವಹಣೆ

ಮೂಲ ತೊಂದರೆಗಳ ಶಮನ

ನೋವಿನಿಂದ ಎಚ್ಚರವಾಗುವ ರೋಗಿಗೆ ಬೇಕಾದುದು ನಿದ್ರೆಮಾತ್ರೆಯಲ್ಲ, ನೋವಿನ ಸರಿಯಾದ ಚಿಕಿತ್ಸೆ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿನ ಕುರಿತು ಪ್ರಕಟಿಸಿದ ಮಾರ್ಗದರ್ಶಿಯು ಚಿಕಿತ್ಸೆಯ ಗುರಿಗಳನ್ನು ಹಂತಗಳಲ್ಲಿ ನಿಗದಿಪಡಿಸಿತು. ನೋವಿಲ್ಲದೆ ನಿದ್ರಿಸುವ ಗಂಟೆಗಳನ್ನು ಹೆಚ್ಚಿಸುವುದು ಅದರ ಮೊದಲ ಗುರಿ. ವಿಶ್ರಾಂತಿಯಲ್ಲಿರುವಾಗಿನ ನೋವು ಮತ್ತು ನಡೆದಾಡುವಾಗಿನ ನೋವಿನ ನಿವಾರಣೆ ಅನಂತರದವು. ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಸೇವಿಸುವ ರೋಗಿ ನಡುರಾತ್ರಿ ಔಷಧಕ್ಕಾಗಿ ಏಳಬೇಕಾಗದಂತೆ ಮಲಗುವ ವೇಳೆಯ ಪ್ರಮಾಣವನ್ನು ಹೊಂದಿಸುವ ಪದ್ಧತಿ ಉಪಶಮನ ಆರೈಕೆಯಲ್ಲಿದೆ. ಇಂತಹ ಬದಲಾವಣೆಯನ್ನು ವೈದ್ಯರೇ ಮಾಡಬೇಕು.

ಸ್ಟೆರಾಯ್ಡ್ ಮಾತ್ರೆಯನ್ನು ಬೆಳಗಿನ ಹೊತ್ತಿಗೆ, ಮೂತ್ರ ಹೆಚ್ಚಿಸುವ ಮಾತ್ರೆಯನ್ನು ದಿನದ ಮೊದಲ ಭಾಗಕ್ಕೆ ಸರಿಸಬಹುದೇ ಎಂದು ವೈದ್ಯರನ್ನು ಕೇಳುವುದು ಸರಳವಾದರೂ ಪರಿಣಾಮಕಾರಿ ಕ್ರಮ. ರೋಗಿ ತಾನಾಗಿ ಸ್ಟೆರಾಯ್ಡ್ ನಿಲ್ಲಿಸುವುದು ಅಪಾಯಕಾರಿ.

ಅರಿವಿನ ವರ್ತನಾ ಚಿಕಿತ್ಸೆ

ದೀರ್ಘಕಾಲಿಕ ನಿದ್ರಾಹೀನತೆಗೆ ಮೊದಲ ಆಯ್ಕೆಯಾಗಿ ಔಷಧಕ್ಕಿಂತ ಮುನ್ನ ಅರಿವಿನ ವರ್ತನಾ ಚಿಕಿತ್ಸೆಯನ್ನು (ಸಿಬಿಟಿ-ಐ) ನೀಡಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿಯೂ ಯುರೋಪಿನ ನಿದ್ರಾ ಸಂಶೋಧನಾ ಸಂಘ 2017ರಲ್ಲಿಯೂ ಶಿಫಾರಸು ಮಾಡಿವೆ. ಕ್ಯಾನ್ಸರ್ ರೋಗಿಗಳಲ್ಲಿಯೂ ಇದು ಫಲಕಾರಿಯೆಂದು ಹಲವು ಪ್ರಯೋಗಗಳು ತೋರಿಸಿವೆ. ಸಾಮಾನ್ಯವಾಗಿ 4ರಿಂದ 8 ಭೇಟಿಗಳಲ್ಲಿ ಮುಗಿಯುವ ಈ ಚಿಕಿತ್ಸೆಯ ಅಂಗಗಳು ಹೀಗಿವೆ:

ಪ್ರಚೋದನೆಯ ನಿಯಂತ್ರಣ: ರಿಚರ್ಡ್ ಬೂಟ್‌ಜಿನ್ 1972ರಲ್ಲಿ ರೂಪಿಸಿದ ಕ್ರಮ. ನಿದ್ರೆ ಬಂದಾಗ ಮಾತ್ರ ಹಾಸಿಗೆಗೆ ಹೋಗಬೇಕು. ಸುಮಾರು 20 ನಿಮಿಷವಾದರೂ ನಿದ್ರೆ ಹತ್ತದಿದ್ದರೆ ಎದ್ದು ಬೇರೆಡೆ ಮಂದ ಬೆಳಕಿನಲ್ಲಿ ಕುಳಿತು, ನಿದ್ರೆ ಬಂದಾಗ ಮರಳಬೇಕು. ಪ್ರತಿದಿನ ಒಂದೇ ಹೊತ್ತಿಗೆ ಏಳಬೇಕು. ಒಂದೇ ಕೋಣೆಯ ಮನೆಯಲ್ಲಿ ಹಾಸಿಗೆಯ ಪಕ್ಕದ ಕುರ್ಚಿಗೆ ಬಂದು ಕುಳಿತರೂ ಸಾಕು. ಏಳಲಾಗದ ರೋಗಿ ದಿಂಬುಗಳಿಗೆ ಒರಗಿ ಕುಳಿತು ಮನಸ್ಸನ್ನು ಬೇರೆಡೆ ಹರಿಸಬಹುದು.

ಹಾಸಿಗೆಯ ಅವಧಿಯ ಮಿತಿ: ನಿಜವಾಗಿ ನಿದ್ರಿಸುವ ಅವಧಿಗೆ ಸಮೀಪವಾಗುವಂತೆ ಹಾಸಿಗೆಯಲ್ಲಿರುವ ಸಮಯವನ್ನು ಕಡಿಮೆ ಮಾಡಿ, ನಿದ್ರೆ ಗಟ್ಟಿಯಾದಂತೆ 15 ನಿಮಿಷಗಳಷ್ಟು ಹೆಚ್ಚಿಸುತ್ತ ಹೋಗುವುದು. ಇದನ್ನು ತಜ್ಞರ ಮಾರ್ಗದರ್ಶನದಲ್ಲಿ ಮಾತ್ರ ಅನುಸರಿಸಬೇಕು. ಮೂರ್ಛೆರೋಗ, ಬೈಪೋಲಾರ್ ಕಾಯಿಲೆ, ಮಿದುಳಿನ ಗಡ್ಡೆ ಇರುವವರಿಗೂ ಬಿದ್ದು ಪೆಟ್ಟಾಗುವ ಸಂಭವವಿರುವ ನಿಶ್ಶಕ್ತರಿಗೂ ಇದು ಸೂಕ್ತವಲ್ಲದಿರಬಹುದು. ಅಂತಹವರಲ್ಲಿ ಸಮಯವನ್ನು ನಿಧಾನವಾಗಿ ಇಳಿಸುವ ಸೌಮ್ಯ ವಿಧಾನವನ್ನು ಬಳಸುತ್ತಾರೆ.

ಆಲೋಚನೆಗಳ ಪರಿಶೀಲನೆ: ‘ಇಂದು ನಿದ್ರೆ ಬಾರದಿದ್ದರೆ ಕ್ಯಾನ್ಸರ್ ಉಲ್ಬಣಿಸುತ್ತದೆ’ ಎಂಬಂತಹ ಭಯಗಳು ನಿದ್ರೆಯನ್ನು ಇನ್ನಷ್ಟು ದೂರಕ್ಕೆ ಅಟ್ಟುತ್ತವೆ. ಒಂದು ರಾತ್ರಿಯ ನಿದ್ರಾಭಂಗ ಚಿಕಿತ್ಸೆಯನ್ನು ವಿಫಲಗೊಳಿಸುವುದಿಲ್ಲವೆಂದು ರೋಗಿಗೆ ಮನವರಿಕೆ ಮಾಡುತ್ತಾರೆ. ಚಿಂತೆಗಳನ್ನು ಸಂಜೆಯೇ ಕಾಗದದ ಮೇಲೆ ಬರೆದು, ಮರುದಿನ ಯಾರೊಡನೆ ಮಾತನಾಡಬೇಕೆಂದು ಗುರುತಿಸಿಡುವುದು ಇದರ ಒಂದು ಉಪಾಯ.

ದೇಹವನ್ನು ಸಡಿಲಗೊಳಿಸುವ ಅಭ್ಯಾಸ: ನಿಧಾನ ಉಸಿರಾಟ ಹಾಗೂ ಸ್ನಾಯುಗಳನ್ನು ಒಂದೊಂದಾಗಿ ಬಿಗಿದು ಸಡಿಲಿಸುವ ಕ್ರಮ.

ಬೆಳಕು, ಚಟುವಟಿಕೆ ಮತ್ತು ಯೋಗ

ಬೆಳಗಿನ ಬಿಸಿಲಿನಲ್ಲಿ ಸುಮಾರು ಅರ್ಧ ಗಂಟೆ ಕುಳಿತಿರುವುದು ಅಥವಾ ಶಕ್ತಿಯಿದ್ದಷ್ಟು ನಡೆಯುವುದು ಜೈವಿಕ ಗಡಿಯಾರಕ್ಕೆ ನೆರವಾಗುತ್ತದೆ. ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ 410 ಮಂದಿಯ ಮೇಲೆ ಅಮೆರಿಕದಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪ್ರಾಣಾಯಾಮ, ಸರಳ ಆಸನ ಮತ್ತು ಧ್ಯಾನಗಳನ್ನೊಳಗೊಂಡ 4 ವಾರಗಳ ಯೋಗಾಭ್ಯಾಸದಿಂದ ನಿದ್ರೆಯ ಗುಣಮಟ್ಟ ಸುಧಾರಿಸಿತು. ಮೂಳೆಗಳಿಗೆ ಕ್ಯಾನ್ಸರ್ ಹರಡಿದವರು ವೈದ್ಯರನ್ನು ಕೇಳದೆ ಆಸನಗಳನ್ನು ಮಾಡಬಾರದು.

ದಿನನಿತ್ಯದ ರೂಢಿಗಳು

ಹಗಲುನಿದ್ರೆ ಅಗತ್ಯವಿದ್ದರೆ ಮಧ್ಯಾಹ್ನ 3 ಗಂಟೆಗೆ ಮುಂಚೆ ಅರ್ಧ ಗಂಟೆಗೆ ಮೀರದಂತೆ ಮಲಗುವುದು, ಮಧ್ಯಾಹ್ನದ ನಂತರ ಕಾಫಿ ಮತ್ತು ಚಹಾವನ್ನು ಬಿಡುವುದು, ರಾತ್ರಿಯೂಟವನ್ನು ಮಿತವಾಗಿಯೂ ಬೇಗನೆಯೂ ಮುಗಿಸುವುದು, ಮಲಗುವ ಮುನ್ನ ಟಿ.ವಿ. ಮತ್ತು ಮೊಬೈಲುಗಳನ್ನು ದೂರವಿಡುವುದು ಉತ್ತಮ. ನೋಡಲು ಬರುವ ನೆಂಟರಿಗೂ ದೂರವಾಣಿ ಕರೆಗಳಿಗೂ ಸಂಜೆಯ ಒಂದು ಮಿತಿಯನ್ನು ಮನೆಯವರು ನಿಗದಿಪಡಿಸಬಹುದು. ಕಾಲಿಗೆ ಎಣ್ಣೆ ತಿಕ್ಕುವುದರಿಂದ ಹಲವರಿಗೆ ಹಿತವಾಗುತ್ತದೆ. ಆದರೆ ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರುವ ಸಂಭವವಿರುವುದರಿಂದ ತಿಕ್ಕದೆ ವೈದ್ಯರಿಗೆ ತೋರಿಸಬೇಕು. ಈ ರೂಢಿಗಳು ಉಪಯುಕ್ತವಾದರೂ ಬೇರೂರಿದ ನಿದ್ರಾಹೀನತೆಯನ್ನು ಇವಷ್ಟರಿಂದಲೇ ನಿವಾರಿಸಲಾಗದು.

ಔಷಧಗಳು

ತೀವ್ರ ಆತಂಕದ ದಿನಗಳಲ್ಲಿ ಅಲ್ಪಾವಧಿಗೆ ನಿದ್ರೆಮಾತ್ರೆ ಬೇಕಾಗಬಹುದು. ಹಸಿವಿಲ್ಲದಿರುವಿಕೆ ಮತ್ತು ಖಿನ್ನತೆಗಳೂ ಜೊತೆಗಿದ್ದರೆ ಕೆಲವೊಮ್ಮೆ ಮಿರ್ಟಾಜಪೈನ್‌ನಂತಹ ಔಷಧವನ್ನು ವೈದ್ಯರು ಆರಿಸುತ್ತಾರೆ. ಆಲ್‌ಪ್ರಜೋಲಾಮ್, ಜೋಲ್ಪಿಡೆಮ್ ಮುಂತಾದವು ಭಾರತದಲ್ಲಿ ಎಚ್1 ಅನುಸೂಚಿಗೆ ಸೇರಿದ್ದು, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಇವುಗಳಿಂದ ಅವಲಂಬನೆ, ಹಗಲಿನ ಮಂಪರು, ನೆನಪಿನ ತೊಂದರೆ ಮತ್ತು ವೃದ್ಧರಲ್ಲಿ ಬೀಳುವ ಅಪಾಯ ಉಂಟಾಗಬಹುದು. ದೀರ್ಘಕಾಲ ಸೇವಿಸಿದವರು ಒಮ್ಮೆಲೇ ನಿಲ್ಲಿಸಬಾರದು. ಮಾರ್ಫಿನ್ ಗುಂಪಿನ ನೋವುನಿವಾರಕಗಳೊಂದಿಗೆ ಆಲ್‌ಪ್ರಜೋಲಾಮ್‌ನಂತಹ ಬೆಂಜೊಡಯಜೆಪೈನ್‌ಗಳನ್ನು ಸೇವಿಸಿದರೆ ಉಸಿರಾಟ ಅಪಾಯಕರವಾಗಿ ಕುಂದಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ನೀಡಿತು.

ಮದ್ಯಪಾನದಿಂದ ನಿದ್ರೆ ಬೇಗ ಬಂದಂತೆ ಕಂಡರೂ ರಾತ್ರಿಯ ಉತ್ತರಾರ್ಧದಲ್ಲಿ ಅದು ಮುರಿಯುತ್ತದೆ. ಅಶ್ವಗಂಧ ಮುಂತಾದ ಮೂಲಿಕೆಗಳನ್ನು ಸೇವಿಸುವವರು ಅದನ್ನು ಕ್ಯಾನ್ಸರ್ ತಜ್ಞರಿಗೆ ತಿಳಿಸುವುದು ಅವಶ್ಯ. ಅವು ಚಿಕಿತ್ಸೆಯ ಔಷಧಗಳೊಂದಿಗೆ ಪ್ರತಿಕ್ರಿಯಿಸುವ ಅಥವಾ ಯಕೃತ್ತಿಗೆ ಹಾನಿ ಮಾಡುವ ಸಾಧ್ಯತೆಯಿದೆ.

ತಡಮಾಡದೆ ತಿಳಿಸಬೇಕಾದ ಚಿಹ್ನೆಗಳು

ಕೆಲವು ಸಂದರ್ಭಗಳಲ್ಲಿ ನಿದ್ರಾಭಂಗವು ಬೇರೊಂದು ಅಪಾಯದ ಮುನ್ಸೂಚನೆಯಾಗಿರುತ್ತದೆ.

ಒಂದೆರಡು ದಿನಗಳಲ್ಲಿ ಹಗಲು ರಾತ್ರಿಗಳು ಅದಲುಬದಲಾಗಿ, ರೋಗಿ ಗೊಂದಲಗೊಂಡು ಅಸಂಬದ್ಧವಾಗಿ ಮಾತನಾಡುವುದು. ಇದು ಸನ್ನಿಯ (ಡೆಲಿರಿಯಮ್) ಲಕ್ಷಣವಾಗಿರಬಹುದು. ಸೋಂಕು, ಲವಣಾಂಶಗಳ ಏರುಪೇರು, ಔಷಧಗಳ ಪರಿಣಾಮ ಇದಕ್ಕೆ ಕಾರಣವಾಗಬಹುದಾಗಿದ್ದು, ನಿದ್ರೆಮಾತ್ರೆಯಿಂದ ಸ್ಥಿತಿ ಬಿಗಡಾಯಿಸಬಹುದು.

ಮಲಗಿದಾಗ ಹೆಚ್ಚುವ ಬೆನ್ನುನೋವಿನೊಂದಿಗೆ ಕಾಲುಗಳ ಬಲಹೀನತೆ ಅಥವಾ ಮಲಮೂತ್ರಗಳ ನಿಯಂತ್ರಣ ತಪ್ಪುವುದು. ಇದು ಬೆನ್ನುಹುರಿ ಒತ್ತಲ್ಪಟ್ಟಿರುವ ಸೂಚನೆಯಾಗಿದ್ದು ತುರ್ತು ಚಿಕಿತ್ಸೆ ಬೇಕು.

ಬೆಳಗಿನ ಜಾವದಲ್ಲಿ ತೀವ್ರ ತಲೆನೋವು ಮತ್ತು ವಾಂತಿ.

ಚಪ್ಪಟೆಯಾಗಿ ಮಲಗಲಾಗದಷ್ಟು ಏದುಸಿರು.

ಬದುಕು ಬೇಡವೆಂಬ ಆಲೋಚನೆಗಳು.

ಆರೈಕೆ ಮಾಡುವವರ ನಿದ್ರೆ

ರೋಗಿಯ ಪಕ್ಕದಲ್ಲಿ ಮಲಗುವ ಸಂಗಾತಿ, ಮಗಳು ಅಥವಾ ಸೊಸೆಯ ನಿದ್ರೆಯೂ ಕೆಡುತ್ತದೆ. ಪ್ರತಿ ಸದ್ದಿಗೂ ಎಚ್ಚರವಾಗುವ ಅಭ್ಯಾಸ ರೋಗಿ ಚೇತರಿಸಿಕೊಂಡ ಮೇಲೂ ಅಥವಾ ತೀರಿಕೊಂಡ ಮೇಲೂ ಉಳಿಯಬಹುದು. ಮನೆಯವರು ರಾತ್ರಿಗಳನ್ನು ಸರದಿಯಂತೆ ಹಂಚಿಕೊಳ್ಳುವುದು, ರೋಗಿಯ ಕೈಗೆಟಕುವಂತೆ ನೀರು, ಟಾರ್ಚು ಮತ್ತು ಕರೆಗಂಟೆಯನ್ನು ಇಡುವುದು ಇಬ್ಬರಿಗೂ ಹಿತಕರ. ಆರೈಕೆ ಮಾಡುವವರು ತಮ್ಮ ನಿದ್ರೆಯ ಬಗ್ಗೆ ವೈದ್ಯರೊಡನೆ ಮಾತನಾಡುವುದು ಸ್ವಾರ್ಥವಲ್ಲ. ರೋಗಿಯ ಆರೈಕೆ ಅವರ ಆರೋಗ್ಯವನ್ನೇ ಅವಲಂಬಿಸಿರುತ್ತದೆ.

ಕರ್ನಾಟಕದಲ್ಲಿ ದೊರೆಯುವ ನೆರವು

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ರಾಜ್ಯದ ಪ್ರಮುಖ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ಬೆಂಗಳೂರಿನ ಕರುಣಾಶ್ರಯವು ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಉಪಶಮನ ಆರೈಕೆ ನೀಡುತ್ತದೆ. ಉಪಶಮನ ಆರೈಕೆಯನ್ನು ಬದುಕಿನ ಕೊನೆಯ ದಿನಗಳಿಗಷ್ಟೇ ಮೀಸಲೆಂದು ತಿಳಿಯಬಾರದು. ನೋವು, ವಾಕರಿಕೆ, ನಿದ್ರಾಹೀನತೆಗಳ ಶಮನಕ್ಕಾಗಿ ಕ್ಯಾನ್ಸರ್ ಚಿಕಿತ್ಸೆಯ ಜೊತೆಜೊತೆಗೇ ಅದನ್ನು ಪಡೆಯಬಹುದು. ನಿಮ್ಹಾನ್ಸ್ ಸಂಸ್ಥೆಯಲ್ಲಿ ಮನೋವೈದ್ಯರು ಮತ್ತು ಚಿಕಿತ್ಸಾ ಮನಶ್ಶಾಸ್ತ್ರಜ್ಞರ ಸೇವೆ ಲಭ್ಯವಿದೆ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ತೆರೆದಿರುವ ಈ ಉಚಿತ ಸೇವೆಯಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ರೋಗಿಗಳೂ ಅವರ ಆರೈಕೆ ಮಾಡುವವರೂ ನಡುರಾತ್ರಿಯಲ್ಲಿಯೂ ಇದಕ್ಕೆ ಕರೆ ಮಾಡಬಹುದು.